ಈಟಿಯ ಮೂತಿ ನೆಲಕ್ಕೆ ಬಾಗಿದ್ದು: 104.80 ಮೀಟರ್ ಪ್ರಕರಣ

1984ರ ಜುಲೈ 20. ಪೂರ್ವ ಬರ್ಲಿನ್‌ನ ಫ್ರೀಡ್ರಿಶ್ ಲುಡ್ವಿಗ್ ಯಾನ್ ಕ್ರೀಡಾಂಗಣ. ಪೂರ್ವ ಜರ್ಮನಿಯ ಉವೆ ಹೋನ್ ಎಸೆದ ಜಾವೆಲಿನ್ 104.80 ಮೀಟರ್ ದೂರ ಹೋಗಿ ಬಿತ್ತು. ಅವರಿಗೆ 22 ತುಂಬಿ ನಾಲ್ಕು ದಿನ ಆಗಿತ್ತು ಅಷ್ಟೇ. ಹಿಂದಿನ ವಿಶ್ವ ದಾಖಲೆ ಅಮೆರಿಕದ ಟಾಮ್ ಪೆಟ್ರಾನಾಫ್ ಹೆಸರಲ್ಲಿತ್ತು, 1983ರಲ್ಲಿ ಎಸೆದ 99.72 ಮೀಟರ್. ಒಂದೇ ಏಟಿಗೆ ಐದು ಮೀಟರ್‌ಗಿಂತ ಜಾಸ್ತಿ ಮುಂದಕ್ಕೆ. ನೂರು ಮೀಟರ್ ದಾಟಿದ ಮೊದಲ ಎಸೆತ ಅದು. ಇವತ್ತಿನವರೆಗೂ ಅದೊಂದೇ.

ಎರಡು ವರ್ಷವೂ ಕಳೆಯಲಿಲ್ಲ. 1986ರ ಏಪ್ರಿಲ್ 1ರಿಂದ ಪುರುಷರ ಜಾವೆಲಿನ್ನೇ ಬದಲಾಯಿತು. ಹಳೆಯ ಈಟಿಯಲ್ಲಿ ಎಸೆದ ದಾಖಲೆಗಳನ್ನು ಪಕ್ಕಕ್ಕಿಟ್ಟು ಹೊಸ ಪಟ್ಟಿ ಶುರು ಮಾಡಿದರು.

ಈ ಕಥೆಯನ್ನು ಸಾಮಾನ್ಯವಾಗಿ ಹೇಳುವುದು ಒಂದೇ ಸಾಲಿನಲ್ಲಿ. "ಹೋನ್ ತುಂಬಾ ದೂರ ಎಸೆದುಬಿಟ್ಟ, ಇನ್ನು ಪ್ರೇಕ್ಷಕರ ಮೇಲೆ ಬೀಳುತ್ತೆ ಅಂತ ಹೆದರಿ ಈಟಿ ಬದಲಾಯಿಸಿದರು." ಕೇಳೋಕೆ ಚೆನ್ನಾಗಿದೆ. ಆದರೆ ಇದು ಅರ್ಧ ಕಥೆ. ಆಗ ಜಾವೆಲಿನ್‌ಗೆ ಎರಡು ಬೇರೆ ಬೇರೆ ತೊಂದರೆಗಳಿದ್ದವು. ಒಂದು ದೂರದ್ದು, ಇನ್ನೊಂದು ಬೀಳುವ ರೀತಿಯದ್ದು. ಎರಡನೆಯದು ಹೋನ್‌ಗಿಂತ ಹಳೆಯದು. ಯಾವ ತೊಂದರೆ ಈ ನಿರ್ಧಾರವನ್ನು ಎಷ್ಟು ದೂರ ತಳ್ಳಿತು ಎಂದು ನೋಡುವುದೇ ಈ ಪ್ರಕರಣದ ಸ್ವಾರಸ್ಯ.

ಬಿದ್ದದ್ದು ಹೇಗೆ ಎಂಬ ಜಗಳ

ಜಾವೆಲಿನ್ ನೆಲಕ್ಕೆ ಚುಚ್ಚಿಕೊಂಡು ನಿಲ್ಲಲೇಬೇಕು ಎಂದು ತುಂಬಾ ಜನ ಅಂದುಕೊಂಡಿದ್ದಾರೆ. ನಿಯಮ ಹಾಗೆ ಹೇಳುವುದಿಲ್ಲ. ಈಟಿಯ ಲೋಹದ ತಲೆ ಬೇರೆ ಯಾವ ಭಾಗಕ್ಕಿಂತಲೂ ಮೊದಲು ನೆಲ ಮುಟ್ಟಬೇಕು, ಅಷ್ಟೇ. ಆಮೇಲೆ ಅದು ನಿಲ್ಲಲಿ, ಮಲಗಲಿ, ಜಾರಿಕೊಂಡು ಹೋಗಲಿ, ಎಸೆತ ಸರಿ. ಬಾಲವೋ ಹೊಟ್ಟೆಯೋ ಮೊದಲು ಮುಟ್ಟಿದರೆ ಫೌಲ್.

ಹೇಳೋಕೆ ಸುಲಭ. ಆದರೆ 80ರ ದಶಕದ ಈಟಿ ಹೇಗೆ ಇಳಿಯುತ್ತಿತ್ತು ಅಂದರೆ, ಕೊನೆಯಲ್ಲಿ ನೆಲಕ್ಕೆ ಸಮಾನಾಂತರವಾಗಿ ತೇಲಿಕೊಂಡು ಬಂದು ಹುಲ್ಲಿನ ಮೇಲೆ ಮಲಗಿಬಿಡುತ್ತಿತ್ತು. ಎರಡೂವರೆ ಮೀಟರ್‌ಗಿಂತ ಉದ್ದದ ಒಂದು ಕೋಲು, ತೊಂಬತ್ತು ಮೀಟರ್ ಹಾರಿ, ಪೂರ್ತಿ ಅಡ್ಡಡ್ಡ ಬೀಳುತ್ತದೆ. ಮೊದಲು ಮುಟ್ಟಿದ್ದು ತಲೆಯೋ ಬಾಲವೋ? ತೀರ್ಪುಗಾರರು ಹುಲ್ಲಿನ ಮೇಲೆ ನಿಂತು, ಓಡಿಕೊಂಡು ಬಂದು, ಬರೀ ಕಣ್ಣಲ್ಲಿ ಹೇಳಬೇಕು. ಹುಲ್ಲಿನ ಮೇಲೆ ತುದಿ ಬಿಟ್ಟ ಗುರುತು ಸಿಕ್ಕರೆ ಪುಣ್ಯ. ಒಂದೇ ತರಹ ಬಿದ್ದ ಎರಡು ಎಸೆತಗಳಲ್ಲಿ ಒಂದಕ್ಕೆ ಬಿಳಿ ಬಾವುಟ, ಇನ್ನೊಂದಕ್ಕೆ ಕೆಂಪು ಬಾವುಟ ಎದ್ದರೆ ಎಸೆದವರಿಗೆ ಹೇಗಾಗಬೇಡ?

ವರ್ಷ ಕಳೆದಂತೆ ಇಂಥ ಚಪ್ಪಟೆ ಬೀಳುಗಳು ಜಾಸ್ತಿ ಆದವು, ಜೊತೆಗೆ ಪ್ರತಿಭಟನೆಗಳೂ. ಓಟದಲ್ಲಿ ಫೋಟೊ ಫಿನಿಶ್ ಇದೆ. ಉದ್ದ ಜಿಗಿತದಲ್ಲಿ ಹಲಗೆಯ ಮುಂದೆ ಕಾಲಿನ ಗುರುತು ಹಿಡಿಯುವ ಮೇಣದ ಪಟ್ಟಿ ಇತ್ತು. ಜಾವೆಲಿನ್‌ನಲ್ಲಿ ಮಾತ್ರ ಎಲ್ಲಿ ಬೀಳುತ್ತದೆಂದೇ ಮೊದಲು ಗೊತ್ತಿರುವುದಿಲ್ಲ. ಅಲ್ಲಿ ಯಾವ ಪಟ್ಟಿ ಹಾಸುವುದು? ಒಂದು ಸ್ಪರ್ಧೆಯ ಫಲಿತಾಂಶವೇ ಊಹೆಯ ಮೇಲೆ ನಿಲ್ಲುವ ಮಟ್ಟಕ್ಕೆ ಬಂದರೆ, ದೂರ ಎಷ್ಟೇ ಇರಲಿ, ಅದು ಆಟದ ಬುಡಕ್ಕೆ ಬಿದ್ದ ಏಟು. ನನ್ನ ಲೆಕ್ಕದಲ್ಲಿ ಇದು 104.80ಕ್ಕಿಂತ ಗಂಭೀರವಾದ ಸಮಸ್ಯೆ.

ಈಟಿ ತೇಲಿದ್ದು ಯಾಕೆ

ಹೋನ್ ತೋಳಿನ ಶಕ್ತಿಯ ಜೊತೆಗೆ ಈಟಿಯ ಇತಿಹಾಸವೂ ಇದರಲ್ಲಿದೆ. 1912ರಲ್ಲಿ ಮೊದಲ ಅಧಿಕೃತ ವಿಶ್ವ ದಾಖಲೆ ಬರೆದ ಸ್ವೀಡನ್ನಿನ ಎರಿಕ್ ಲೆಮಿಂಗ್ ಎಸೆದದ್ದು 62.32 ಮೀಟರ್. ಆಗಿನದು ಮರದ ಈಟಿ. ತೂಕ ಆಗಲೂ 800 ಗ್ರಾಂ, ಈಗಲೂ 800 ಗ್ರಾಂ. 1953ರಲ್ಲಿ ಅಮೆರಿಕದ ಬಡ್ ಹೆಲ್ಡ್ 80.41 ಮೀಟರ್ ಎಸೆದು ಮೊದಲ ಬಾರಿಗೆ 80 ದಾಟಿದರು. ಅವರ ಹಿಂದೆ ಇದ್ದದ್ದು ಅಣ್ಣತಮ್ಮಂದಿರಿಬ್ಬರ ತಲೆ. ಬಡ್ ಮತ್ತು ಡಿಕ್ ಹೆಲ್ಡ್ ಈಟಿಯನ್ನು ಬರೀ ಎಸೆಯುವ ಕೋಲು ಎಂದು ನೋಡಲಿಲ್ಲ, ಗಾಳಿಯಲ್ಲಿ ಹಾರುವ ವಸ್ತು ಎಂದು ನೋಡಿದರು. ಮೈ ದಪ್ಪ ಮಾಡಿ, ಗಾಳಿಗೆ ಸಿಗುವ ಮೇಲ್ಮೈ ಹೆಚ್ಚಿಸಿದರು. ಗಾಳಿ ಈಟಿಯನ್ನು ಎತ್ತಿ ಹಿಡಿಯತೊಡಗಿತು. 1964ರಲ್ಲಿ ನಾರ್ವೆಯ ಟೆರ್ಯೆ ಪೆಡರ್ಸೆನ್ 91.72 ಎಸೆದು 90 ದಾಟಿದರು. 62ರಿಂದ 80ಕ್ಕೆ ಬರಲು ನಲವತ್ತು ವರ್ಷ ಬೇಕಾಯಿತು, 80ರಿಂದ 90ಕ್ಕೆ ಹನ್ನೊಂದೇ ವರ್ಷ.

ಇಲ್ಲಿ ಸ್ವಲ್ಪ ಭೌತಶಾಸ್ತ್ರ ಬೇಕು. ಹೆದರಬೇಡಿ, ಎರಡೇ ಬಿಂದುಗಳ ವಿಷಯ.

ಒಂದು, ಗುರುತ್ವ ಕೇಂದ್ರ. ಈಟಿಯನ್ನು ಬೆರಳ ಮೇಲೆ ಇಟ್ಟರೆ ಎಲ್ಲಿ ಸಮತೋಲನದಲ್ಲಿ ನಿಲ್ಲುತ್ತದೋ ಅದು. ದಾರ ಸುತ್ತಿದ ಹಿಡಿ ಇರುವುದೂ ಅಲ್ಲೇ. ಎರಡು, ಗಾಳಿಯ ಒತ್ತಡವೆಲ್ಲ ಒಟ್ಟುಗೂಡಿ ತಳ್ಳುವ ಬಿಂದು. ಇದಕ್ಕೆ ಒತ್ತಡ ಕೇಂದ್ರ ಅನ್ನೋಣ. ಒತ್ತಡ ಕೇಂದ್ರ ಹಿಂದೆ ಇದ್ದರೆ ಗಾಳಿ ಬಾಲವನ್ನು ಮೇಲಕ್ಕೆ ತಳ್ಳುತ್ತದೆ, ಮೂತಿ ಕೆಳಗೆ ಬಾಗುತ್ತದೆ. ಎರಡೂ ಹತ್ತಿರ ಹತ್ತಿರ ಇದ್ದರೆ ಮೂತಿ ಬಾಗಲು ಕಾರಣವೇ ಇಲ್ಲ, ಈಟಿ ತೇಲುತ್ತಲೇ ಇರುತ್ತದೆ.

ಹಳೆಯ ಈಟಿಯಲ್ಲಿ ಈ ಎರಡು ಬಿಂದುಗಳ ಅಂತರ ತುಂಬಾ ಕಡಿಮೆ. ಹಾಗಾಗಿ ಸರಿಯಾದ ಕೋನದಲ್ಲಿ, ಅಲುಗಾಟ ಇಲ್ಲದೆ ಬಿಟ್ಟರೆ ಅದು ಕೊನೆಯವರೆಗೂ ಗಾಳಿಯ ಮೇಲೆ ಮಲಗಿಕೊಂಡು ಹೋಗುತ್ತಿತ್ತು. ದೂರವೂ ಸಿಗುತ್ತಿತ್ತು, ಚಪ್ಪಟೆಯಾಗಿ ಬೀಳುವುದೂ ಖಾತ್ರಿ. ಅಂದರೆ ಮೇಲೆ ಹೇಳಿದ ಎರಡು ತೊಂದರೆಗಳ ಬೇರು ಒಂದೇ. ಹೆಚ್ಚು ಹೊತ್ತು ತೇಲುವುದೇ ದೂರಕ್ಕೂ ಕಾರಣ, ಜಗಳಕ್ಕೂ ಕಾರಣ.

ತೋಳಿನ ಪಾಲು ಎಷ್ಟು, ಗಾಳಿಯ ಪಾಲು ಎಷ್ಟು ಎಂದು ತಿಳಿಯಲು ಒಂದು ಸಣ್ಣ ಲೆಕ್ಕ ಹಾಕಬಹುದು. ಗಾಳಿಯೇ ಇಲ್ಲ ಎಂದುಕೊಳ್ಳಿ. ಸೆಕೆಂಡಿಗೆ 30 ಮೀಟರ್ ವೇಗದಲ್ಲಿ, 35 ಡಿಗ್ರಿ ಕೋನದಲ್ಲಿ, ತಲೆಗಿಂತ ಸ್ವಲ್ಪ ಮೇಲಿಂದ ಬಿಟ್ಟ ಯಾವುದೇ ವಸ್ತು ಸುಮಾರು 89 ಮೀಟರ್ ಹೋಗುತ್ತದೆ. ಸೆಕೆಂಡಿಗೆ 30 ಮೀಟರ್ ಅಂದರೆ ಗಂಟೆಗೆ 108 ಕಿಲೋಮೀಟರ್, ಉತ್ತಮ ಎಸೆತಗಾರರ ಮಟ್ಟದ ವೇಗ. ಗಾಳಿಯ ಸಹಾಯವಿಲ್ಲದೆ 104.80 ಮುಟ್ಟಬೇಕಾದರೆ ಸೆಕೆಂಡಿಗೆ ಸುಮಾರು 32.7 ಮೀಟರ್ ಬೇಕು. ಹೋನ್ ಬಲಶಾಲಿ, ಎರಡು ಮೀಟರ್ ಹತ್ತಿರ ಎತ್ತರದ ಆಳು. ಆದರೂ ಆ ದಿನ ಗಾಳಿ ಆ ಈಟಿಯನ್ನು ಎತ್ತಿ ಹಿಡಿದಿತ್ತು ಎನ್ನುವುದರಲ್ಲಿ ಅನುಮಾನ ಬೇಡ. ಅಂದ ಹಾಗೆ, 100 ಮೀಟರ್ ಓಟಕ್ಕೂ ಉದ್ದ ಜಿಗಿತಕ್ಕೂ ಬೆನ್ನ ಹಿಂದಿನ ಗಾಳಿ ಸೆಕೆಂಡಿಗೆ 2 ಮೀಟರ್ ದಾಟಿದರೆ ದಾಖಲೆ ಲೆಕ್ಕಕ್ಕಿಲ್ಲ. ಎಸೆತಗಳಿಗೆ ಅಂಥ ಮಿತಿಯೇ ಇಲ್ಲ.

ಮೈದಾನದ ಲೆಕ್ಕ

ಈಗ ದೂರದ ವಿಷಯಕ್ಕೆ ಬರೋಣ. ಪ್ರೇಕ್ಷಕರ ಮೇಲೆ ಬೀಳುತ್ತಿತ್ತು ಅನ್ನುವುದು ಎಷ್ಟು ನಿಜ?

ಈಗಿನ ಪ್ರಮಾಣಿತ 400 ಮೀಟರ್ ಟ್ರ್ಯಾಕ್ ತೆಗೆದುಕೊಳ್ಳಿ. ನೇರ ಭಾಗದ ಉದ್ದ 84.39 ಮೀಟರ್, ತಿರುವಿನ ತ್ರಿಜ್ಯ 36.50 ಮೀಟರ್. ಒಳಗಿನ ಹುಲ್ಲು ಒಂದು ತುದಿಯಿಂದ ಇನ್ನೊಂದು ತುದಿಗೆ 157 ಮೀಟರ್ ಚಿಲ್ಲರೆ, ಅಗಲ 73 ಮೀಟರ್. ಎಸೆಯುವವರಿಗೆ ಓಡಿ ಬರಲು ಕನಿಷ್ಠ 30 ಮೀಟರ್ ರನ್‌ವೇ ಬೇಕು. ಅದನ್ನು ಹುಲ್ಲಿನ ಒಳಗೇ ಹಿಡಿಸಿದರೆ ಎಸೆಯುವ ಗೆರೆಯಿಂದ ಆಚೆ ತುದಿಗೆ ಉಳಿಯುವುದು 127 ಮೀಟರ್. ನಡುಗೆರೆಯಲ್ಲೇ ಹೋದ 104.80 ಮೀಟರ್ ಎಸೆತಕ್ಕೂ ಟ್ರ್ಯಾಕಿಗೂ 22 ಮೀಟರ್ ಅಂತರ ಇದೆ. ಪರವಾಗಿಲ್ಲ ಅನಿಸುತ್ತದೆ.

ಆದರೆ ಎಲ್ಲರೂ ನಡುಗೆರೆಯಲ್ಲೇ ಎಸೆಯುವುದಿಲ್ಲವಲ್ಲ. ಈಟಿ ಬೀಳಬೇಕಾದ ಸೆಕ್ಟರ್‌ನ ಕೋನ 28.96 ಡಿಗ್ರಿ. ಈ ವಿಚಿತ್ರ ಸಂಖ್ಯೆಯ ಹಿಂದೆ ಒಂದು ಜಾಣತನ ಇದೆ. ಈ ಕೋನಕ್ಕೆ ಯಾವ ದೂರದಲ್ಲಿ ನೋಡಿದರೂ ಎರಡು ಗೆರೆಗಳ ನಡುವಿನ ಅಂತರ ಆ ದೂರದ ಸರಿ ಅರ್ಧ ಬರುತ್ತದೆ. ಗೆರೆ ಎಳೆಯುವವರಿಗೆ ಒಂದು ಟೇಪ್ ಇದ್ದರೆ ಸಾಕು. ಆದರೆ ದೂರ ಹೆಚ್ಚಿದಂತೆ ಸೆಕ್ಟರ್ ಅಗಲವಾಗುತ್ತಾ ಹೋಗುತ್ತದೆ, ಮೈದಾನವೋ ತಿರುವಿನಲ್ಲಿ ಕಿರಿದಾಗುತ್ತಾ ಹೋಗುತ್ತದೆ. 104.80ರ ಹತ್ತಿರ ಸೆಕ್ಟರ್‌ನ ಅಂಚಿನಲ್ಲಿ ಬಿದ್ದ ಈಟಿಗೂ ಒಳಗಿನ ಲೇನ್‌ಗೂ ಇರುವ ಅಂತರ ಹೆಚ್ಚು ಕಮ್ಮಿ 6ರಿಂದ 7 ಮೀಟರ್. ಅಷ್ಟೇ!

ಚಪ್ಪಟೆಯಾಗಿ ಬಿದ್ದ ಈಟಿ ಚುಚ್ಚಿ ನಿಲ್ಲುವುದಿಲ್ಲ, ಜಾರುತ್ತದೆ. ಅದೇ ಹೊತ್ತಿಗೆ ಟ್ರ್ಯಾಕ್ ಮೇಲೆ 5000 ಮೀಟರ್ ಓಟ ನಡೀತಾ ಇರಬಹುದು. ಎದುರಿನ ತಿರುವಿನ ಒಳಗೆ, ಎತ್ತರ ಜಿಗಿತದವರು ತಮ್ಮ ಸರದಿಗೆ ಕಾಯುತ್ತಾ ಕೂತಿರಬಹುದು. ಹಾಗಾಗಿ ಅಪಾಯ ಇದ್ದದ್ದು ಟಿಕೆಟ್ ಕೊಂಡು ಮೇಲೆ ಕೂತವರಿಗೆ ಅಲ್ಲ, ಒಳಗೆ ಇದ್ದ ಓಟಗಾರರಿಗೆ, ಜಿಗಿತಗಾರರಿಗೆ ಮತ್ತು ಬಾವುಟ ಹಿಡಿದ ತೀರ್ಪುಗಾರರಿಗೆ. ಇನ್ನು ಐದು ಮೀಟರ್ ಯಾರಾದರೂ ಹೆಚ್ಚಿಸಿದರೆ ಜಾವೆಲಿನ್ ನಡೆಯುವಾಗ ಬೇರೆ ಎಲ್ಲವನ್ನೂ ನಿಲ್ಲಿಸಬೇಕಾಗುತ್ತಿತ್ತು. ಒಂದೇ ಮೈದಾನದಲ್ಲಿ ಓಟ, ಜಿಗಿತ, ಎಸೆತ ಒಟ್ಟಿಗೆ ನಡೆಯುವುದೇ ಅಥ್ಲೆಟಿಕ್ಸ್ ಕೂಟದ ಸೊಗಸು ಅಲ್ವಾ?

ಮದ್ದು ಯಾವುದು

ಬರೀ ದೂರ ಕಡಿಮೆ ಮಾಡುವುದೇ ಗುರಿಯಾಗಿದ್ದರೆ ಸುಲಭದ ದಾರಿಗಳಿದ್ದವು. ಈಟಿಯ ತೂಕ ನೂರು ಗ್ರಾಂ ಹೆಚ್ಚಿಸಬಹುದಿತ್ತು. ಭಾರ ಹೆಚ್ಚಾದರೆ ಬಿಡುವ ವೇಗ ಕಡಿಮೆಯಾಗುತ್ತದೆ, ದೂರವೂ ಕಡಿಮೆಯಾಗುತ್ತದೆ. ಸೆಕ್ಟರ್ ಕಿರಿದು ಮಾಡಬಹುದಿತ್ತು. ಆದರೆ ಭಾರದ ಈಟಿಯೂ ತೇಲಬಲ್ಲದು, ಚಪ್ಪಟೆ ಬೀಳಬಲ್ಲದು. ಕಿರಿದಾದ ಸೆಕ್ಟರ್‌ನಲ್ಲಿ ಬಾಲ ಮೊದಲು ಮುಟ್ಟಿತೋ ತಲೆ ಮೊದಲು ಮುಟ್ಟಿತೋ ಎಂಬ ಜಗಳ ಹಾಗೇ ಉಳಿಯುತ್ತಿತ್ತು.

ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಒಕ್ಕೂಟದ ತಾಂತ್ರಿಕ ಸಮಿತಿ ಆರಿಸಿಕೊಂಡದ್ದು ಬೇರೆ ದಾರಿ. ತೂಕ ಮುಟ್ಟಲಿಲ್ಲ. ಗುರುತ್ವ ಕೇಂದ್ರವನ್ನು 4 ಸೆಂಟಿಮೀಟರ್ ಮುಂದಕ್ಕೆ ತಂದರು. ಅದರ ಮುಂದಿನ ಭಾಗದ ಮೇಲ್ಮೈ ಕಡಿಮೆ ಮಾಡಿ, ಹಿಂದಿನ ಭಾಗದ್ದು ಹೆಚ್ಚಿಸಿದರು. ಪರಿಣಾಮ, ಬಾಣದ ಹಿಂದೆ ಗರಿ ಕಟ್ಟಿದ ಹಾಗೆ. ಈಟಿ ಕೆಳಗಿಳಿಯಲು ಶುರು ಮಾಡಿದಾಗ ಗಾಳಿ ಕೆಳಗಿನಿಂದ ಬಂದ ಹಾಗೆ ಆಗುತ್ತದೆ, ಬಾಲ ಮೇಲೇಳುತ್ತದೆ, ಮೂತಿ ನೆಲ ನೋಡುತ್ತದೆ. ತೇಲುವ ಶಕ್ತಿ ಕಡಿಮೆ. ದೂರದಲ್ಲಿ ಸುಮಾರು ಶೇ. 10 ಕಡಿತ. ಈಟಿ ಮಾತ್ರ ನೇರ ಹೋಗಿ ನೆಲಕ್ಕೆ ಚುಚ್ಚಿಕೊಳ್ಳುತ್ತದೆ. ತೀರ್ಪುಗಾರರಿಗೆ ನೆಮ್ಮದಿ.

ನಾಲ್ಕು ಸೆಂಟಿಮೀಟರ್! ಒಂದು ಆಟದ ನಿಯಮ ಪುಸ್ತಕದಲ್ಲಿ ಇಷ್ಟು ಚಿಕ್ಕ ತಿದ್ದುಪಡಿ ಇಷ್ಟು ದೊಡ್ಡ ಕೆಲಸ ಮಾಡಿದ್ದು ನನಗೆ ಬೇರೆ ನೆನಪಾಗುತ್ತಿಲ್ಲ. ಎರಡು ರೋಗಕ್ಕೂ ಬೇರು ಒಂದೇ ಎಂದು ಕಂಡುಕೊಂಡವರು ಮಾತ್ರ ಹೀಗೆ ಯೋಚಿಸಬಲ್ಲರು.

ಹಾಗಾದರೆ ಚಪ್ಪಟೆ ಬೀಳುವಿಕೆಯೇ ಮುಖ್ಯ ಕಾರಣ ಎಂದು ಇಲ್ಲಿಗೆ ಮುಗಿಸಬಹುದಾ? ಆಗುವುದಿಲ್ಲ. ಒಂದು ಸಾಕ್ಷ್ಯ ಅಡ್ಡ ಬರುತ್ತದೆ. ಮಹಿಳೆಯರ ಈಟಿ.

ಮಹಿಳೆಯರ 600 ಗ್ರಾಂ ಈಟಿಯನ್ನು 1986ರಲ್ಲಿ ಯಾರೂ ಮುಟ್ಟಲಿಲ್ಲ. ಅದೂ ತೇಲುತ್ತಿತ್ತು. ಅದೂ ಚಪ್ಪಟೆಯಾಗಿ ಬೀಳುತ್ತಿತ್ತು. ಅಲ್ಲೂ ಅದೇ ಜಗಳ. ಪೂರ್ವ ಜರ್ಮನಿಯ ಪೆಟ್ರಾ ಫೆಲ್ಕೆ 1988ರಲ್ಲಿ ಪಾಟ್ಸ್‌ಡಾಮ್‌ನಲ್ಲಿ ಸರಿಯಾಗಿ 80.00 ಮೀಟರ್ ಎಸೆದರು, ಹಳೆಯ ಮಾದರಿಯ ಈಟಿಯಲ್ಲೇ. ಮಹಿಳೆಯರ ಈಟಿ ಬದಲಾದದ್ದು 1999ರಲ್ಲಿ. ನಡುವೆ 13 ವರ್ಷ.

ಬೀಳುವ ರೀತಿಯೇ ಅಷ್ಟು ಅಸಹನೀಯವಾಗಿದ್ದರೆ ಎರಡನ್ನೂ ಒಟ್ಟಿಗೆ ಬದಲಾಯಿಸಬೇಕಿತ್ತು. ಬದಲಾಯಿಸಲಿಲ್ಲ. ಎರಡಕ್ಕೂ ಇದ್ದ ವ್ಯತ್ಯಾಸ ಒಂದೇ: 80 ಮೀಟರ್ ಎಸೆತ ಮೈದಾನದ ಒಳಗೆ ಆರಾಮಾಗಿ ಹಿಡಿಸುತ್ತದೆ, 104 ಹಾಗೆ ಆರಾಮಾಗಿ ಹಿಡಿಸುವುದಿಲ್ಲ. ಹಾಗಾಗಿ ನನ್ನ ತೀರ್ಮಾನ ಇಷ್ಟು. ಯಾವ ಮದ್ದು ಎಂದು ಹೇಳಿಕೊಟ್ಟದ್ದು ಚಪ್ಪಟೆ ಬೀಳುವಿಕೆ. ಯಾವಾಗ ಎಂದು ಹೇಳಿದ್ದು 104.80. ಹೋನ್ ಅಷ್ಟು ದೂರ ಎಸೆಯದೇ ಇದ್ದಿದ್ದರೆ ಪುರುಷರ ಈಟಿಯೂ ಇನ್ನೊಂದಷ್ಟು ವರ್ಷ ತೇಲಿಕೊಂಡೇ ಇರುತ್ತಿತ್ತು, ಮಹಿಳೆಯರದ್ದು ಇದ್ದ ಹಾಗೆ. ಮಹಿಳೆಯರ ಸ್ಪರ್ಧೆಯ ತೀರ್ಪುಗಳು ಇನ್ನೂ 13 ವರ್ಷ ಊಹೆಯ ಮೇಲೆ ನಡೆದವು ಎನ್ನುವುದು ಈ ಪ್ರಕರಣದಲ್ಲಿ ಯಾರೂ ಜಾಸ್ತಿ ಮಾತಾಡದ ಭಾಗ.

ಬದಲಾದ ಮೇಲೆ

ಹೊಸ ಈಟಿಯ ಮೊದಲ ವಿಶ್ವ ದಾಖಲೆ ಪಶ್ಚಿಮ ಜರ್ಮನಿಯ ಕ್ಲಾಸ್ ಟಾಫೆಲ್‌ಮಯರ್ ಹೆಸರಲ್ಲಿ, 1986ರ ಸೆಪ್ಟೆಂಬರ್‌ನಲ್ಲಿ, 85.74 ಮೀಟರ್. 1987ರಲ್ಲಿ ಆಗಿನ ಜೆಕೊಸ್ಲೊವಾಕಿಯಾದ ಯಾನ್ ಜೆಲೆಜ್ನಿ 87.66 ಎಸೆದರು. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಫಿನ್ಲೆಂಡಿನ ತಾಪಿಯೊ ಕೊರ್ಯುಸ್ ಕೊನೆಯ ಎಸೆತದಲ್ಲಿ 84.28 ಹಾಕಿ ಜೆಲೆಜ್ನಿಯನ್ನು 16 ಸೆಂಟಿಮೀಟರ್‌ನಿಂದ ಹಿಂದೆ ಹಾಕಿದರು.

ಇಲ್ಲಿ ಒಂದು ವಿಷಯ ಗಮನಿಸಿ. ಶೇ. 10 ಕಡಿತ ಅಂದರೆ 104.80ರ ಎಸೆತ 94ರ ಹತ್ತಿರ ಬರಬೇಕಿತ್ತು, 99.72ರ ಎಸೆತ 90ರ ಹತ್ತಿರ. ಬಂದದ್ದು 85.74. ಉಳಿದ ನಾಲ್ಕೈದು ಮೀಟರ್ ಎಲ್ಲಿ ಹೋಯಿತು? ಈಟಿಯ ತಪ್ಪಲ್ಲ ಅದು, ಎಸೆಯುವವರು ಹೊಸದಾಗಿ ಕಲಿಯಬೇಕಾಗಿ ಬಂತು. ಹಳೆಯ ಈಟಿ ನಾಜೂಕಿನದು. ಕೋನ ಒಂದಿಷ್ಟು ತಪ್ಪಿದರೆ ನಡುಗಿ ಬಿದ್ದುಬಿಡುತ್ತಿತ್ತು, ಸರಿ ಹೋದರೆ ಎಲ್ಲಿಗೋ ಹೋಗುತ್ತಿತ್ತು. ಹೊಸದಕ್ಕೆ ಅಷ್ಟು ನಖರ ಇಲ್ಲ. ತೋಳಿನ ವೇಗ ಎಷ್ಟೋ ದೂರ ಅಷ್ಟು. ಗಾಳಿಯನ್ನು ಓದಿ ಎಸೆಯುತ್ತಿದ್ದವರಿಗೆ ನಷ್ಟ, ಚಾಟಿಯೇಟಿನಂಥ ತೋಳು ಇದ್ದವರಿಗೆ ಲಾಭ. ಜೆಲೆಜ್ನಿ ಎರಡನೇ ಗುಂಪಿನವರು. 1992, 1996, 2000, ಮೂರು ಒಲಿಂಪಿಕ್ ಚಿನ್ನ. 1996ರ ಮೇ 25ರಂದು ಜರ್ಮನಿಯ ಯೇನಾದಲ್ಲಿ 98.48 ಮೀಟರ್. ಅದು ಇಂದಿಗೂ ವಿಶ್ವ ದಾಖಲೆ. ಹೊಸ ಈಟಿಯಲ್ಲಿ ಹತ್ತೇ ವರ್ಷಕ್ಕೆ ದಾಖಲೆ ಸುಮಾರು 13 ಮೀಟರ್ ಏರಿತು.

ಬಾಲಕ್ಕೆ ಬಳಿದ ಬಣ್ಣ

ನಿಯಮ ಬಂದ ಮೇಲೆ ನಿಯಮದ ಸಂದು ಹುಡುಕುವವರೂ ಬಂದರು. ಹಂಗೇರಿಯ ಮಿಕ್ಲೋಶ್ ನೇಮೆತ್ 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ 94.58 ಎಸೆದು ಚಿನ್ನ ಗೆದ್ದವರು. ಆಮೇಲೆ ಈಟಿ ತಯಾರಿಸಲು ಶುರು ಮಾಡಿದರು. 1990ರ ಹೊತ್ತಿಗೆ ಬಾಲದ ಭಾಗ ಒರಟಾಗಿರುವ ಈಟಿಗಳು ಬಂದವು. ಗುರುತ್ವ ಕೇಂದ್ರ ನಿಯಮದ ಪ್ರಕಾರವೇ, ತೂಕ, ಉದ್ದ ಎಲ್ಲ ಸರಿ. ಆದರೆ ಬಾಲದ ಒರಟು ಮೈಯಿಂದಾಗಿ ಅದರ ಸುತ್ತ ಗಾಳಿ ಹರಿಯುವ ರೀತಿ ಬದಲಾಯಿತು, ಕಳೆದುಕೊಂಡ ದೂರದಲ್ಲಿ ಒಂದಿಷ್ಟು ವಾಪಸ್ ಬಂತು.

ದಾಖಲೆಗಳು ಸರಸರನೆ ಏರಿದವು. ಬ್ರಿಟನ್ನಿನ ಸ್ಟೀವ್ ಬ್ಯಾಕ್ಲಿ 1990ರ ಜುಲೈನಲ್ಲಿ ಲಂಡನ್‌ನಲ್ಲಿ 90.98 ಎಸೆದರು. 1991ರ ಜೂನ್‌ನಲ್ಲಿ ಫಿನ್ಲೆಂಡಿನ ಸೆಪ್ಪೊ ರಾಟಿ 96.96 ಎಸೆದುಬಿಟ್ಟರು. ಮತ್ತೆ ನೂರರ ಹತ್ತಿರ! ಐದು ವರ್ಷದ ಹಿಂದೆ ಕಷ್ಟಪಟ್ಟು ಮುಚ್ಚಿದ ಬಾಗಿಲು ತೆರೆದುಕೊಳ್ಳುತ್ತಿತ್ತು.

ಒಕ್ಕೂಟ ಈ ಬಾರಿ ಕೈ ಬಿಗಿ ಮಾಡಿತು. ಬಾಲಕ್ಕೆ ತೂತು, ಗುಳಿ, ಒರಟು ಬಣ್ಣ ಯಾವುದೂ ಕೂಡದು ಎಂದಿತು. ಅಷ್ಟೇ ಅಲ್ಲ, ಅಂಥ ಈಟಿಗಳಲ್ಲಿ ಎಸೆದ ದಾಖಲೆಗಳನ್ನೂ ಅಳಿಸಿಹಾಕಿತು. ರಾಟಿಯ 96.96 ಹೋಯಿತು. ಬ್ಯಾಕ್ಲಿಯ 90.98 ಹೋಯಿತು, ಆದರೆ ಅದಕ್ಕೂ ಮುಂಚೆ ಅವರು ಸ್ಟಾಕ್‌ಹೋಮ್‌ನಲ್ಲಿ ಮಾಮೂಲಿ ಈಟಿಯಲ್ಲಿ ಎಸೆದಿದ್ದ 89.58 ಮತ್ತೆ ವಿಶ್ವ ದಾಖಲೆ ಆಯಿತು. ಎಸೆಯದೆಯೇ ದಾಖಲೆ ವಾಪಸ್ ಸಿಕ್ಕ ಹಾಗೆ. 1992ರ ಜನವರಿಯಲ್ಲಿ ಅವರು ನ್ಯೂಜಿಲೆಂಡ್‌ನಲ್ಲಿ 91.46 ಎಸೆದು ಯಾರೂ ಬಾಯಿ ತೆರೆಯದ ಹಾಗೆ ಮಾಡಿದರು.

1986 ಮತ್ತು 1991ರ ಎರಡು ನಿರ್ಧಾರಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಮೊದಲನೆಯದರಲ್ಲಿ ಹೋನ್ ದಾಖಲೆಯನ್ನು ಅಳಿಸಲಿಲ್ಲ, ಹಳೆಯ ಈಟಿಯ ಪಟ್ಟಿಯಲ್ಲಿ ಗೌರವದಿಂದ ಇಟ್ಟರು. ಇಂಥ ದಿನದಿಂದ ಹೊಸ ಈಟಿ ಎಂದು ದಿನ ಗೊತ್ತು ಮಾಡಿ ಬದಲಾಯಿಸಿದರು. ಎರಡನೆಯದರಲ್ಲಿ, ಎಸೆದ ದಿನ ನಿಯಮಕ್ಕೆ ಒಳಪಟ್ಟಿದ್ದ ಈಟಿಯ ದಾಖಲೆಯನ್ನು ಆಮೇಲೆ ಬಂದ ನಿಯಮದಿಂದ ಅಳಿಸಿದರು. ಒರಟು ಬಾಲವನ್ನು ನಿಷೇಧಿಸಿದ್ದು ಸರಿಯೇ, ಇಲ್ಲದಿದ್ದರೆ 1986ರ ಕೆಲಸವೆಲ್ಲ ನೀರಿಗೆ ಹೋಗುತ್ತಿತ್ತು. ಆದರೆ ರಾಟಿ ಯಾವ ನಿಯಮ ಮುರಿದಿದ್ದರು? ಅಂಗಡಿಯಲ್ಲಿ ಸಿಗುವ, ಸ್ಪರ್ಧೆಗೆ ಒಪ್ಪಿದ ಈಟಿಯನ್ನೇ ಅಲ್ವಾ ಎಸೆದದ್ದು? ಅದಕ್ಕೂ ಒಂದು ಬೇರೆ ಪಟ್ಟಿ ಮಾಡಿ ಇಟ್ಟಿದ್ದರೆ ಯಾರಿಗೂ ನಷ್ಟ ಆಗುತ್ತಿರಲಿಲ್ಲ. ಇನ್ನೊಂದು ಕಡೆಯಿಂದ ನೋಡಿದರೆ, ಪ್ರತಿ ಹೊಸ ಬಣ್ಣಕ್ಕೂ ಒಂದೊಂದು ದಾಖಲೆ ಪಟ್ಟಿ ಮಾಡುತ್ತಾ ಹೋದರೆ ಪಟ್ಟಿಗೇ ಅರ್ಥ ಉಳಿಯುವುದಿಲ್ಲ. ಒಕ್ಕೂಟದ ಕಷ್ಟ ಅರ್ಥವಾಗುತ್ತದೆ. ಆದರೂ ರಾಟಿಗೆ ಅನ್ಯಾಯವಾಯಿತು ಎಂದೇ ನನ್ನ ಅಭಿಪ್ರಾಯ.

ಹೋನ್ ಏನಾದರು

ಆ ಎಸೆತದ ಮರುವಾರವೇ ಲಾಸ್ ಏಂಜಲೀಸ್ ಒಲಿಂಪಿಕ್ಸ್ ಶುರುವಾಯಿತು. ಸೋವಿಯತ್ ಒಕ್ಕೂಟದ ಜೊತೆ ಪೂರ್ವ ಜರ್ಮನಿಯೂ ಬಹಿಷ್ಕಾರ ಹಾಕಿತ್ತು. ಹೋನ್ ಮನೆಯಲ್ಲೇ ಉಳಿದರು. ಅಲ್ಲಿ ಚಿನ್ನ ಗೆದ್ದದ್ದು ಫಿನ್ಲೆಂಡಿನ ಆರ್ಟೊ ಹಾರ್ಕೊನೆನ್, 86.76 ಮೀಟರ್. ಹೋನ್ ಎಸೆತಕ್ಕಿಂತ 18 ಮೀಟರ್ ಕಡಿಮೆ. 1982ರಲ್ಲಿ ಅಥೆನ್ಸ್‌ನಲ್ಲಿ 91.34 ಎಸೆದು ಯುರೋಪಿಯನ್ ಚಾಂಪಿಯನ್ ಆಗಿದ್ದ ಹೋನ್‌ಗೆ ಒಲಿಂಪಿಕ್ ಪದಕ ಕೊನೆಗೂ ಸಿಗಲಿಲ್ಲ. ಬೆನ್ನಿನ ಶಸ್ತ್ರಚಿಕಿತ್ಸೆಯ ನಂತರ ಎಸೆಯುವ ಬದುಕು ಬೇಗನೆ ಮುಗಿಯಿತು. ಹೊಸ ಈಟಿಯ ಕಾಲದಲ್ಲಿ ಅವರು ಹೆಸರು ಮಾಡುವ ಅವಕಾಶವೇ ಬರಲಿಲ್ಲ.

ಆ ಕಾಲದ ಪೂರ್ವ ಜರ್ಮನಿಯಲ್ಲಿ ಸರ್ಕಾರವೇ ಮುಂದೆ ನಿಂತು ಕ್ರೀಡಾಪಟುಗಳಿಗೆ ಉದ್ದೀಪನ ಮದ್ದು ಕೊಡಿಸುತ್ತಿತ್ತು ಎಂಬುದು ಬರ್ಲಿನ್ ಗೋಡೆ ಬಿದ್ದ ಮೇಲೆ ಹೊರಬಂದ ದಾಖಲೆಗಳಿಂದ ಎಲ್ಲರಿಗೂ ಗೊತ್ತು. ಆ ದೇಶದ ಯಾವ ದಾಖಲೆ ಓದಿದರೂ ಈ ನೆರಳು ಮನಸ್ಸಿಗೆ ಬರುತ್ತದೆ. ಈಟಿಯ ವಿನ್ಯಾಸದ ಪ್ರಶ್ನೆ ಮಾತ್ರ ಅದರಿಂದ ಬೇರೆ. ಪೆಟ್ರಾನಾಫ್ ಅಮೆರಿಕದವರು, ಅವರ ಈಟಿಯೂ ನೂರಕ್ಕೆ 28 ಸೆಂಟಿಮೀಟರ್ ಹತ್ತಿರ ಹೋಗಿತ್ತು.

ಹೋನ್ ಆಮೇಲೆ ತರಬೇತುದಾರರಾದರು. ಚೀನಾದ ಝಾವೊ ಚಿಂಗ್‌ಗಾಂಗ್ 2014ರ ಏಷ್ಯನ್ ಗೇಮ್ಸ್‌ನಲ್ಲಿ 89.15 ಎಸೆದಾಗ ಹಿಂದಿದ್ದದ್ದು ಅವರೇ. ನಂತರ ಭಾರತಕ್ಕೆ ಬಂದರು. 2018ರಲ್ಲಿ ನೀರಜ್ ಚೋಪ್ರಾ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕೂಟದಲ್ಲಿ 86.47 ಮತ್ತು ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ 88.06 ಎಸೆದು ಎರಡೂ ಚಿನ್ನ ಗೆದ್ದಾಗ ತರಬೇತಿ ಹೋನ್ ಅವರದ್ದು. 2021ರ ಟೋಕಿಯೊ ಚಿನ್ನದ ಹೊತ್ತಿಗೆ ನೀರಜ್ ಜೊತೆ ಇನ್ನೊಬ್ಬ ಜರ್ಮನ್ ಕೋಚ್ ಕ್ಲಾಸ್ ಬಾರ್ಟೊನೀಟ್ಸ್ ಇದ್ದರು. 2025ರ ಮೇ 16ರಂದು ದೋಹಾದಲ್ಲಿ ನೀರಜ್ ಮೊದಲ ಬಾರಿ 90 ದಾಟಿ 90.23 ಎಸೆದಾಗ ಕೋಚ್ ಯಾನ್ ಜೆಲೆಜ್ನಿ. ಹಳೆಯ ಈಟಿಯ ವಿಶ್ವ ದಾಖಲೆಗಾರ ಮತ್ತು ಹೊಸ ಈಟಿಯ ವಿಶ್ವ ದಾಖಲೆಗಾರ, ಇಬ್ಬರ ಕೈಯಲ್ಲೂ ಪಳಗಿದವರು ನೀರಜ್.

ಮತ್ತೆ ನೂರು ದಾಟಿದರೆ? ಹತ್ತಿರ ಬಂದವರಿದ್ದಾರೆ. 2020ರಲ್ಲಿ ಜರ್ಮನಿಯ ಯೊಹಾನೆಸ್ ವೆಟರ್ ಪೋಲೆಂಡಿನಲ್ಲಿ 97.76 ಎಸೆದರು. 2024ರ ಪ್ಯಾರಿಸ್‌ನಲ್ಲಿ ಪಾಕಿಸ್ತಾನದ ಅರ್ಷದ್ ನದೀಂ 92.97 ಎಸೆದು ಒಲಿಂಪಿಕ್ ದಾಖಲೆ ಮಾಡಿದರು. ಯಾರಾದರೂ ನೂರು ದಾಟಿದ ದಿನ 1986ರ ಮಾತು ಮತ್ತೆ ಎದ್ದೇ ಏಳುತ್ತದೆ. ಆದರೆ ಆಗಿನ ಪರಿಸ್ಥಿತಿ ಈಗ ಇಲ್ಲ. ಈಗಿನ ಈಟಿ ಮೂತಿ ಕೆಳಗೆ ಮಾಡಿ ಇಳಿಯುತ್ತದೆ, ಬಿದ್ದ ಕಡೆ ಹೆಚ್ಚಾಗಿ ಚುಚ್ಚಿ ನಿಲ್ಲುತ್ತದೆ, ಟ್ರ್ಯಾಕ್ ಕಡೆ ಜಾರುವ ಭಯ ಕಡಿಮೆ. ಜಗಳದ ಅರ್ಧ ಭಾಗ ಆಗಲೇ ತೀರಿದೆ. ಉಳಿದದ್ದು ಬರೀ ಜಾಗದ ಪ್ರಶ್ನೆ. ಒಬ್ಬಿಬ್ಬರು 101 ಎಸೆದರೆಂದು ಯಾರೂ ಈಟಿಗೆ ಕೈ ಹಾಕಲಾರರು. ಎತ್ತರ ಜಿಗಿತದ ವೇಳಾಪಟ್ಟಿಯನ್ನು ಸ್ವಲ್ಪ ಹಿಂದೆ ಮುಂದೆ ಮಾಡಿಕೊಂಡರೆ ಸಾಕು.